ಇದು ಟೀ, ನೀರಲ್ಲ

ಮನೆಯಿಂದ,
ಗುರುವಾರ, ತಾರೀಕು ಹದಿನೇಳು, ಮಧ್ಯಾಹ್ನ

ಪ್ರೀತಿಯ ಗಿಣಿಗೆ,

ನೀನು ಹೇಗಿದ್ದೀ? ಮೊದಲು ಅದನ್ನು ಹೇಳು. ಕತ್ತು ನೋವು ಕಡಿಮೆಯಾಯಿತೇ? ಆಫೀಸಿನ ಏಸಿ ಗಾಳಿ ನೇರ ಕತ್ತಿನ ಮೇಲೇ ಬೀಳುತ್ತದೆ ಎಂದು ಹೋದ ಸಲ ಹೇಳಿದ್ದೆಯಲ್ಲ. ಕುರ್ಚಿಯನ್ನು ಒಂದು ಗೇಣು ಆಚೆ ಸರಿಸಲು ಬಿಡದಿದ್ದರೆ ಒಂದು ಬಟ್ಟೆಯನ್ನಾದರೂ ಸುತ್ತಿಕೊ. ನಗುವವರು ನಗಲಿ. ಊಟವನ್ನು ಹೊತ್ತಿಗೆ ಸರಿಯಾಗಿ ಮಾಡು, ಬಿಸ್ಕತ್ತು ತಿಂದು ದಿನ ತಳ್ಳಬೇಡ. ಹಾಸ್ಟೆಲಿನ ಬಾಗಿಲ ಚಿಲಕ ಸಡಿಲವಾಗಿದೆ ಎಂದಿದ್ದೆಯಲ್ಲ, ಸರಿಮಾಡಿಸಿದೆಯಾ? ಮಾಡಿಸಿರದಿದ್ದರೆ ಮಲಗುವಾಗ ಬಾಗಿಲಿಗೆ ಕುರ್ಚಿ ಅಡ್ಡ ಇಟ್ಟುಕೊ. ನಾನು ಸುಮ್ಮಸುಮ್ಮನೆ ಹೆದರುವವಳು ಎಂದು ನಿನಗೂ ಗೊತ್ತು, ನನಗೂ ಗೊತ್ತು. ಗೊತ್ತಿದ್ದ ಮಾತ್ರಕ್ಕೆ ಹೆದರಿಕೆ ಹೋಗುತ್ತದೆಯೇ.

ಚಿಕ್ಕಮ್ಮನಿಂದ ಕಾಗದ ಬಂತು ಎಂದು ನಿನಗೆ ಆಶ್ಚರ್ಯವಾಗಿರಬಹುದು. ನಾನು ಬಿಟ್ಟು ಬಿಟ್ಟು ಓದಿದವಳು. ನಾಲ್ಕನೇ ಕ್ಲಾಸಿನಲ್ಲಿ ಒಮ್ಮೆ ಬಿಟ್ಟೆ, ಮತ್ತೆ ಸೇರಿದೆ, ತಂಗಿ ಹುಟ್ಟಿದಳು ಎಂದು ಮತ್ತೆ ಬಿಡಿಸಿದರು, ಮುಂದೆ ಒಂದು ವರ್ಷ ಹೋದೆ, ಅಷ್ಟೇ. ನೀನು ಹೈಸ್ಕೂಲಿಗೆ ಹೋಗುವಾಗ ನನ್ನನ್ನು ಕೂರಿಸಿಕೊಂಡು ಓದಿಸಿದೆಯಲ್ಲ, ಅದರ ಬಲದಿಂದ ಬರೆಯುತ್ತಿದ್ದೇನೆ. ಒಂದೊಂದು ಸಾಲಿಗೂ ಕೈ ಬೆವರುತ್ತದೆ. ತಪ್ಪಿದ್ದರೆ ಮನಸ್ಸಿನಲ್ಲೇ ತಿದ್ದಿಕೊ, ಆಗಿನ ಹಾಗೆ ಕೆಂಪು ಪೆನ್ನಿನಲ್ಲಿ ಸುತ್ತಬೇಡ. ಕೆಂಪು ಸುತ್ತು ಕಂಡರೆ ಈಗ ಕಾಗದವನ್ನೇ ಮಗುಚಿಡುತ್ತೇನೆ. ಫೋನ್ ಮಾಡೋಣವೆಂದರೆ ಅದನ್ನು ಆಫ್ ಮಾಡಿ ಟ್ರಂಕಿನಲ್ಲಿ ಹಳೆಯ ಹೊದಿಕೆಗಳ ಕೆಳಗೆ ಇಟ್ಟಿದ್ದೇನೆ. ಗೊತ್ತಿಲ್ಲದ ನಂಬರುಗಳಿಂದ ಕರೆ ಬರುತ್ತಿತ್ತು. ಎತ್ತಿದರೆ ‘ಕುಡೀರಿ, ಕುಡೀರಿ’ ಎಂದು ಹೇಳಿ ನಕ್ಕು ಇಟ್ಟುಬಿಡುತ್ತಿದ್ದರು. ಒಬ್ಬ ಹೆಂಗಸೂ ಮಾಡಿದ್ದಳು, ಪಾಪ, ಅವಳ ಹಿಂದೆ ಕುಕ್ಕರ್ ಕೂಗುವುದು ಕೇಳಿಸುತ್ತಿತ್ತು. ಒಲೆಯ ಮೇಲೆ ಕುಕ್ಕರ್ ಇಟ್ಟು ಬಂದು ನಮ್ಮನ್ನು ಅಣಕಿಸುವಷ್ಟು ಪುರುಸೊತ್ತು ಯಾರಿಗಿರುತ್ತದೆ ಎಂದು ಆಮೇಲೆ ಬಹಳ ಹೊತ್ತು ಯೋಚಿಸಿದೆ. ಅದಕ್ಕೇ ಕಾಗದ. ಎದುರಂಗಡಿ ಟೈಲರನ ಭಾವಮೈದ ನಿಮ್ಮ ಕಡೆ ಹೋಗುವ ಬಸ್ಸು ಓಡಿಸುತ್ತಾನಲ್ಲ, ಅವನ ಕೈಯಲ್ಲಿ ಕೊಡುತ್ತಿದ್ದೇನೆ. ಓದಿದ ಮೇಲೆ ಹರಿದುಹಾಕು. ಫೋಟೊ ಮಾತ್ರ ತೆಗೆಯಬೇಡ.

ನಿನ್ನ ಚಿಕ್ಕಪ್ಪನಿಗೆ ಮೈ ಚೆನ್ನಾಗಿದೆ. ಜ್ವರ ಇಲ್ಲ, ಕೆಮ್ಮು ಇಲ್ಲ. ಆದರೆ ನೀರಿನ ಟ್ಯಾಂಕಿನ ಕೀಲಿಗಳನ್ನು ಅವರಿಂದ ತೆಗೆದುಕೊಂಡಿದ್ದಾರೆ. ಸೂಪರ್‌ವೈಸರೇ ಮನೆಗೆ ಬಂದಿದ್ದರು. ಬಾಗಿಲಲ್ಲೇ ನಿಂತು, ಕೂತುಕೊಳ್ಳಿ ಎಂದರೂ ಕೂರದೆ, ‘ಮೇಲಿಂದ ಹೇಳಿದಾರೆ ಕಣ್ರೀ, ಸ್ವಲ್ಪ ದಿನ ಮನೇಲಿರಿ, ನಿಮ್ಮ ಒಳ್ಳೇದಕ್ಕೇ’ ಎಂದರು. ಇವರು ಸೊಂಟದಿಂದ ಗೊಂಚಲು ಬಿಚ್ಚಿ ಕೊಟ್ಟರು. ಕೊಡುವಾಗ, ನಮ್ಮ ರಸ್ತೆಗೆ ನೀರು ಬಿಡುವ ವಾಲ್ ಕೊನೆಯಲ್ಲಿ ಸ್ವಲ್ಪ ಬಿಗಿ, ಜೋರು ಮಾಡಿದರೆ ತುಂಡಾಗುತ್ತದೆ, ಬರುವವರಿಗೆ ಹೇಳಿ ಎಂದರು. ಬರುವವರು ಎಂದಾಗಲೇ ಇವರ ಜಾಗಕ್ಕೆ ಬೇರೆಯವರು ಬರುತ್ತಾರೆ ಎಂದು ನನಗೆ ಹೊಳೆದದ್ದು. ಈಗಲೂ ಬೆಳಿಗ್ಗೆ ನೀರು ಬಿಡುವ ಹೊತ್ತಿಗೆ ಎದ್ದು ಕೂರುತ್ತಾರೆ. ಕೈ ತಾನಾಗಿ ಗೋಡೆಯ ಮೊಳೆಯ ಕಡೆ ಹೋಗುತ್ತದೆ. ಅಲ್ಲಿ ಏನೂ ಇಲ್ಲವಾದ್ದರಿಂದ ಅದೇ ಕೈಯಿಂದ ತಲೆ ಕೆರೆದುಕೊಂಡು ಮತ್ತೆ ಮಲಗುತ್ತಾರೆ. ಸೋಮವಾರ ನೀರಿನ ಆಫೀಸಿನಲ್ಲಿ ವಿಚಾರಣೆ ಇದೆ. ಅಲ್ಲಿ ಕೀಲಿ ವಾಪಸು ಬಂದರೆ ಬಂತು, ಇಲ್ಲದಿದ್ದರೆ ಕೆಲಸವೇ ಹೋದ ಹಾಗೆ.

ಇದೆಲ್ಲ ಆ ಫೋಟೊದಿಂದ ಎಂದು ನಿನಗೆ ಗೊತ್ತೇ ಇದೆ. ಆದರೆ ಇಲ್ಲಿ ನಡೆದದ್ದೆಲ್ಲ ನಿನಗೆ ಗೊತ್ತಿಲ್ಲ. ಅಲ್ಲಿ ಅದು ಪರದೆಯ ಮೇಲೆ ಬಂದು ಹೋಗುತ್ತದೆ, ಇಲ್ಲಿ ನಮ್ಮ ಬಾಗಿಲಿಗೇ ಬಂದು ನಿಲ್ಲುತ್ತದೆ. ಅದಕ್ಕೆ ಮೊದಲಿಂದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ನೀನು ಕೊನೆಯ ಸಲ ಬಂದಿದ್ದಾಗ ಚಿಕ್ಕಪ್ಪನಿಗೆ ಟ್ಯಾಂಕಿನ ಹತ್ತಿರ ಟೀ ಕೊಟ್ಟು ಬಾ ಎಂದು ನಾನೇ ಕಳಿಸಿದ್ದೆ. ಹಾಲು ಒಡೆದುಹೋಗಿತ್ತು, ಕರಿ ಟೀ ಮಾಡಿದ್ದೆ. ಲೋಟಗಳು ತೊಳೆಯದೆ ಬಿದ್ದಿದ್ದವು ಎಂದು ಗಾಜಿನ ಗ್ಲಾಸಿನಲ್ಲಿ ಹಾಕಿದ್ದೆ. ನೀವಿಬ್ಬರೂ ಮೆಟ್ಟಿಲ ಮೇಲೆ ಕೂತಿದ್ದಿರಂತೆ. ನೀನು ಸೂಪರ್‌ವೈಸರ್ ಮೂಗಿನಲ್ಲಿ ಮಾತಾಡುವ ಹಾಗೆ ಮಾತಾಡಿ ತೋರಿಸಿದೆಯಂತೆ. ಇವರು ಕೈಯಲ್ಲಿ ಗ್ಲಾಸು ಹಿಡಿದುಕೊಂಡೇ, ಇದ್ದಬದ್ದ ಹಲ್ಲೆಲ್ಲ ಕಾಣುವ ಹಾಗೆ ನಕ್ಕರು, ನೀನು ಕ್ಲಿಕ್ಕಿಸಿದೆ. ಆ ನಗು ನಿನಗೆಂದೇ ನಕ್ಕದ್ದು, ಗಿಣಿ. ಬೇರೆ ಯಾರ ಹತ್ತಿರವೂ ಅವರು ಹಾಗೆ ನಗುವುದಿಲ್ಲ, ನನ್ನ ಹತ್ತಿರವೂ ಇಲ್ಲ.

ಆಮೇಲೆ ನೀನು ಫೋನಿನಲ್ಲಿ ಹೇಳಿದ್ದು ನನಗೆ ಇನ್ನೂ ಕಿವಿಯಲ್ಲಿದೆ. ‘ಹೆಸರು ಮಾಡಿರೋರ ಮುಖ ಹಾಕಿದ್ರೆ ಕೇಸ್ ಹಾಕ್ತಾರೆ ಚಿಕ್ಕಮ್ಮ. ಅದಕ್ಕೆ ಆಫೀಸಲ್ಲಿ ಎಲ್ರೂ ಮನೆಯವರ ಫೋಟೊನೇ ಹಾಕೋದು. ಪಕ್ಕದ ಸೀಟಿನವನ ಅಜ್ಜಿ ಆಗ್ಲೇ ಮೂರು ಮಂತ್ರಿಗಳಿಗೆ ಬೈದಾಯ್ತು. ಯಾರೂ ಕೇಳದಿರೋ ಮುಖ ಬೇಕು, ಅಷ್ಟೇ.’ ನೀನು ನಗುತ್ತಿದ್ದೆ, ನಿನ್ನ ನಗು ಕೇಳಿ ನಾವೂ ನಕ್ಕೆವು. ಉದ್ದ ಮೇಜು, ಎಲ್ಲರ ಕಿವಿಗೂ ಹೆಡ್‌ಫೋನು, ಬೆಳಿಗ್ಗೆ ಒಬ್ಬರು ಬಂದು ಇವತ್ತು ಯಾರ ಮೇಲೆ ಎಂದು ಹೇಳಿ ಹೋಗುತ್ತಾರೆ, ಮಧ್ಯಾಹ್ನದೊಳಗೆ ನಗು ಬರುವಂಥದ್ದು ಆಗಿರಬೇಕು, ಆಮೇಲೆ ಒಬ್ಬೊಬ್ಬರೂ ಬೇರೆ ಬೇರೆ ಹೆಸರಿನಲ್ಲಿ ಬಿಡಬೇಕು, ಎಲ್ಲಿಂದ ಬಂತೆಂದು ಯಾರಿಗೂ ತಿಳಿಯಬಾರದು ಎಂದೆಲ್ಲ ಹೇಳಿದ್ದೆ. ಅದಕ್ಕೆ ಮೀಮ್ ಅನ್ನುತ್ತಾರಂತೆ. ತಮಾಷೆ ಮಾಡುವುದಕ್ಕೂ ಸಂಬಳ ಕೊಡುತ್ತಾರಲ್ಲ, ನಮ್ಮ ಗಿಣಿಗೆ ಹೇಳಿ ಮಾಡಿಸಿದ ಕೆಲಸ ಎಂದು ಚಿಕ್ಕಪ್ಪ ರಸ್ತೆಯಲ್ಲೆಲ್ಲ ಹೇಳಿಕೊಂಡು ಬಂದರು. ಏನು ಕೆಲಸ ಎಂದು ಕೇಳಿದರೆ ಮಾತ್ರ ‘ಕಂಪ್ಯೂಟರಲ್ಲಿ’ ಎನ್ನುತ್ತಿದ್ದರು, ಸದ್ಯ.

ಮೊದಲನೆಯದು ಬಂದಾಗ ನಮಗೆ ಸಂತೋಷವೇ ಆಗಿತ್ತು. ಇವರ ನಗು, ಕೈಯಲ್ಲಿ ಕರಿ ಟೀ, ಮೇಲೆ ‘ಶುದ್ಧ ನೀರು ಬಂತು’, ಕೆಳಗೆ ‘ಕುಡೀರಿ’. ಚುನಾವಣೆಗೆ ಆ ಕಡೆಯ ಪಕ್ಷದವರು ಶುದ್ಧ ನೀರಿನ ಯೋಜನೆ ಎಂದು ಎಲ್ಲ ಗೋಡೆಗೂ ಅಂಟಿಸಿದ್ದರಲ್ಲ, ಅದಕ್ಕೆ ನಿಮ್ಮ ಆಫೀಸಿಗೆ ಸಂಬಳ ಕೊಡುವ ಈ ಕಡೆಯ ಪಕ್ಷದವರ ಜವಾಬು. ಟೈಲರ್ ಕತ್ತರಿ ಹಿಡಿದುಕೊಂಡೇ ಓಡಿಬಂದು ‘ಅಣ್ಣ, ನೀವು ನಮ್ಮ ಗ್ರೂಪಿಗೆ ಮೂರು ಸಲ ಬಂದಿದೀರ’ ಎಂದ. ಹಾಲಿನಂಗಡಿಯಲ್ಲಿ ಇವರನ್ನು ಕೂರಿಸಿ ಟೀ ಕೊಡಿಸಿ, ‘ಇದು ಫಿಲ್ಟರ್ ಆಗಿದೆಯಾ ನೋಡಿ’ ಎಂದು ತಮಾಷೆ ಮಾಡಿದರಂತೆ. ಇವರು ಅವತ್ತು ತಲೆ ಬಾಚಿಕೊಂಡು ಕೆಲಸಕ್ಕೆ ಹೋದರು. ನಾನು ಎಲ್ಲದಕ್ಕೂ ಹೆದರಿದವಳು, ಗಿಣಿ. ಗ್ಯಾಸಿಗೆ ಹೆದರಿದೆ, ಲಿಫ್ಟಿಗೆ ಹೆದರಿದೆ, ನೀನು ಸೈಕಲ್ ಕಲಿಯುವಾಗ ರಸ್ತೆಯುದ್ದಕ್ಕೂ ಓಡಿದೆ. ನಗುವ ಫೋಟೊಕ್ಕೆ ಹೆದರಬೇಕು ಎಂದು ಮಾತ್ರ ನನಗೆ ಹೊಳೆಯಲೇ ಇಲ್ಲ.

ಆಮೇಲೆ ಆ ಕಡೆಯವರದು ಬಂತು. ಅದೇ ಫೋಟೊ, ದೊಡ್ಡದು ಮಾಡಿ, ಗ್ಲಾಸಿಗೆ ಒಂದು ಕೆಂಪು ಸುತ್ತು, ಸೊಂಟದ ಕೀಲಿಗೆ ಒಂದು ಕೆಂಪು ಸುತ್ತು, ಹಿಂದೆ ಟ್ಯಾಂಕಿನ ಮೇಲೆ ಬರೆದಿರುವ ನಂಬರಿಗೆ ಒಂದು. ‘ಈತ ಯಾರ ಮನುಷ್ಯ? ಗ್ಲಾಸಿನಲ್ಲಿರುವುದೇನು? ಟ್ಯಾಂಕಿನ ಕೀಲಿ ಈತನ ಸೊಂಟದಲ್ಲೇಕೆ?’ ನೀರು ಬಿಡುವವರ ಸೊಂಟದಲ್ಲಿ ಟ್ಯಾಂಕಿನ ಕೀಲಿ ಇರದೆ ಹಾಲಿನವನ ಸೊಂಟದಲ್ಲಿ ಇರುತ್ತದೆಯೇ? ಆದರೆ ಹಾಗೆ ಕೇಳಿದ್ದು ನೋಡಿದರೆ ನನಗೇ ಒಂದು ಗಳಿಗೆ ಅನುಮಾನ ಬಂತು, ಏನಿತ್ತು ಗ್ಲಾಸಿನಲ್ಲಿ ಎಂದು. ನಾನೇ ಮಾಡಿದ ಟೀ. ಅದನ್ನು ಓದಿದವರು ನಂಬುತ್ತಾರೋ ಇಲ್ಲವೋ ಎನ್ನುವುದು ಆಮೇಲಿನ ಮಾತು. ಬೆಳಿಗ್ಗೆ ನಲ್ಲಿ ತಿರುಗಿಸುವಾಗ ರಸ್ತೆಯವರ ಕೈ ಒಂದು ಗಳಿಗೆ ತಡೆಯಿತಲ್ಲ, ಅಷ್ಟು ಸಾಕಾಯಿತು.

ಅದೇ ಹೊತ್ತಿಗೆ ಮಾಳಿಗೆ ಮನೆಯವಳ ಮಗುವಿಗೆ ಹೊಟ್ಟೆ ಕೆಟ್ಟಿತು. ಹಲ್ಲು ಬರುತ್ತಿದೆ. ಹಿಂದಿನ ವಾರ ಅವಳೇ ನನ್ನ ಹತ್ತಿರ ಬಂದು, ‘ಹಲ್ಲು ಬರೋವಾಗ ಹೀಗೆಲ್ಲ ಆಗುತ್ತಂತೆ ಅಲ್ವಾ ಅಕ್ಕ’ ಎಂದು ಕೇಳಿದ್ದಳು. ನಾನು ಹೌದು, ಹೆದರಬೇಡ ಎಂದಿದ್ದೆ. ನನ್ನಂಥವಳು ಇನ್ನೊಬ್ಬರಿಗೆ ಹೆದರಬೇಡ ಎಂದದ್ದು ಅದೊಂದೇ ಸಲ ಇರಬೇಕು. ಈಗ ಅವಳು ಮಗುವನ್ನು ಎತ್ತಿಕೊಂಡು ಮೆಟ್ಟಿಲಲ್ಲಿ ನಿಂತು, ‘ನಾನೇನೂ ನಿಮ್ಮನ್ನ ಅನ್ನಲ್ಲ ಅಕ್ಕ. ಆದ್ರೆ ನಿಮ್ಮನೇಲಿ ಯಾವ ನೀರು ಕುಡೀತೀರ?’ ಎಂದು ಕೇಳಿದಳು. ಅದೇ ನಲ್ಲಿಯದೇ ಅಮ್ಮಾ ಎಂದೆ. ಅವಳು ನನ್ನ ಮುಖ ನೋಡಲಿಲ್ಲ, ಒಳಗಿನ ಹೂಜಿ ನೋಡಿದಳು. ಮಾರನೆಯ ದಿನದಿಂದ ರಸ್ತೆಗೆ ಕ್ಯಾನು ನೀರಿನ ಗಾಡಿ ಬರತೊಡಗಿತು. ನಲ್ಲಿ ನೀರನ್ನು ಬಕೆಟ್ಟಿನಲ್ಲಿ ಹಿಡಿದು, ಇವರು ಹಾದುಹೋಗುವಾಗಲೇ ಚರಂಡಿಗೆ ಸುರಿಯುತ್ತಿದ್ದರು.

ಇವರ ಸ್ವಭಾವ ನಿನಗೆ ಗೊತ್ತಲ್ಲ, ಮಾತಿನಲ್ಲಿ ಹೇಳಲು ಬರುವುದಿಲ್ಲ, ಮಾಡಿ ತೋರಿಸುತ್ತಾರೆ. ಒಂದು ದಿನ ಟ್ಯಾಂಕಿನ ಕೆಳಗಿನ ನಲ್ಲಿಯ ಹತ್ತಿರ ಹೋಗಿ, ಎಲ್ಲರನ್ನೂ ಕರೆದು, ಅದೇ ಗಾಜಿನ ಗ್ಲಾಸಿನಲ್ಲಿ ನೀರು ಹಿಡಿದು ಕುಡಿದರು. ನಾನು ಬೇಡವೆಂದೆ, ಕೇಳಲಿಲ್ಲ. ಯಾರೋ ‘ಇನ್ನೊಂದು’ ಎಂದರು, ಇನ್ನೊಂದು ಕುಡಿದರು. ‘ಮತ್ತೊಂದು ಆಗ್ಲಿ ಅಣ್ಣ, ಬಿಟ್ಟಿ ನೀರು’ ಎಂದರು, ಅದನ್ನೂ ಕುಡಿದರು. ಎಲ್ಲರ ಕೈಯಲ್ಲೂ ಫೋನು. ಸಂಜೆಯೊಳಗೆ ಆ ವಿಡಿಯೊ ಬಂತು, ಹಿಂದುಮುಂದಾಗಿ. ಇವರು ಬಾಯಿಯಿಂದ ನೀರನ್ನು ಗ್ಲಾಸಿಗೆ ಉಗುಳುತ್ತಾರೆ, ಗ್ಲಾಸಿನಿಂದ ನೀರು ಎದ್ದು ನಲ್ಲಿಯೊಳಕ್ಕೆ ಹೋಗುತ್ತದೆ. ಕೆಳಗೆ, ‘ಕಣ್ಣಾರೆ ನೋಡಿ, ನಿಮ್ಮ ನೀರಿಗೆ ಏನು ಮಾಡುತ್ತಿದ್ದಾರೆ.’ ನೀರು ಕೆಳಗಿನಿಂದ ಮೇಲಕ್ಕೆ ಹೋಗುತ್ತದೆಯೇ ಎಂದು ಒಬ್ಬರೂ ಕೇಳಲಿಲ್ಲ. ಕೇಳಿದವರು ಇದ್ದಿರಬಹುದು, ಅವರ ಧ್ವನಿ ನಮಗೆ ಕೇಳಿಸಲಿಲ್ಲ.

ಟೈಲರ್ ಪಾಪ, ನಮ್ಮ ಪರವಾಗಿ ಗ್ರೂಪಿನಲ್ಲಿ ಬರೆದ. ‘ಇದು ಟೀ, ನೀರಲ್ಲ. ನಮ್ಮ ರಸ್ತೆಯ ಅಣ್ಣ ಒಳ್ಳೆಯವರು.’ ಅವನಿಗೂ ಹೆದರಿಕೆ, ಮೂರು ಸಲ ನನಗೆ ಓದಿ ಹೇಳಿ ಕಳಿಸಿದ. ಆಮೇಲಿನದು ನಿನಗೆ ನನಗಿಂತ ಚೆನ್ನಾಗಿ ಗೊತ್ತಿರಬೇಕು. ಮಂತ್ರಿಯೊಬ್ಬರು ಪೆಟ್ಟಿಗೆ ಹಿಡಿದುಕೊಂಡು ಕಾರು ಹತ್ತುವ ಫೋಟೊಕ್ಕೆ ‘ಇದು ಟೀ, ನೀರಲ್ಲ’. ರಸ್ತೆಯ ಗುಂಡಿಗೆ ‘ಇದು ಟೀ, ನೀರಲ್ಲ’. ಬಸ್ಸು ಮಗುಚಿ ಜನ ಸತ್ತರಲ್ಲ, ಅದರ ಮೂಲೆಯಲ್ಲೂ ಇವರ ನಗುಮುಖ, ಅದೇ ಮಾತು. ಅದನ್ನು ಈ ಕಡೆಯವರು ಮಾಡಿದರೋ ಆ ಕಡೆಯವರು ಮಾಡಿದರೋ ನನಗೆ ಗೊತ್ತಾಗಲಿಲ್ಲ, ಎರಡೂ ಕಡೆಯವರು ಕಳಿಸುತ್ತಿದ್ದರು. ಸತ್ತವರ ಮನೆಯವರು ಇವರ ಹಲ್ಲು ನೋಡಿ ಏನಂದುಕೊಂಡಿರಬೇಡ. ಪೆಟ್ಟಿಗೆಯದು ಮಾತ್ರ ನಿಮ್ಮ ಆಫೀಸಿನದು ಎಂದು ಟೈಲರ್ ಹೇಳಿದ, ಅಕ್ಷರದ ಬಣ್ಣದಿಂದ ಗೊತ್ತಾಗುತ್ತದಂತೆ. ಅದನ್ನು ಮಾಡಿದ್ದು ನೀನಲ್ಲ ತಾನೇ? ಬೇಡ, ಹೇಳಬೇಡ. ಕೇಳಿದ್ದನ್ನು ಹೊಡೆದುಹಾಕಬೇಕು ಎಂದುಕೊಂಡೆ, ಆದರೆ ಹೊಡೆದುಹಾಕಿದರೆ ಬೆಳಕಿಗೆ ಹಿಡಿದು ಓದುತ್ತೀಯ, ನಿನ್ನ ಬುದ್ಧಿ ನನಗೆ ಗೊತ್ತು.

ನಿನಗೆ ನೆನಪಿದೆಯಾ, ಚಿಕ್ಕವಳಿದ್ದಾಗ ನೀನು ಪಕ್ಕದ ಮನೆಯ ಫೋನಿನಿಂದ ಸೂಪರ್‌ವೈಸರ್ ಧ್ವನಿಯಲ್ಲಿ ಚಿಕ್ಕಪ್ಪನಿಗೆ ಫೋನ್ ಮಾಡಿದ್ದೆ. ‘ಟ್ಯಾಂಕು ತುಂಬಿ ಸುರೀತಾ ಇದೆ, ಎಲ್ಲಿ ಸತ್ತಿದೀಯಯ್ಯ?’ ಇವರು ಅನ್ನದ ಕೈಯಲ್ಲೇ ಎದ್ದು, ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಓಡಿದ್ದರು. ಟ್ಯಾಂಕು ಅರ್ಧವೂ ತುಂಬಿರಲಿಲ್ಲ. ವಾಪಸು ಬಂದಾಗ ನೀನು ಬಾಗಿಲ ಹಿಂದೆ ಅಡಗಿದ್ದೆ, ಹೊಡೆಯುತ್ತಾರೆ ಎಂದು. ಅವರು ಆ ಇನ್ನೊಂದು ಚಪ್ಪಲಿಯ ಪಕ್ಕದಲ್ಲಿ ಕೂತು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಿದ್ದರು. ನಿನ್ನ ಅಮ್ಮ ತೀರಿಹೋಗಿ ನೀನು ನಮ್ಮ ಮನೆಗೆ ಬಂದ ಮೇಲೆ ಈ ಮನೆಯಲ್ಲಿ ಮೊದಲು ನಕ್ಕದ್ದು ಅವತ್ತು. ಓಡಿದವರೂ ನಮ್ಮವರೇ, ಓಡಿಸಿದವಳೂ ನಮ್ಮವಳೇ, ಊಟ ಆರುವ ಮೊದಲೇ ತಮಾಷೆ ಮುಗಿದಿತ್ತು.

ಈಗ ಅವರು ನಗುವುದನ್ನು ಬಿಟ್ಟಿದ್ದಾರೆ. ನಗು ಬಂದರೂ ಕೈ ಎತ್ತಿ ಬಾಯಿ ಮುಚ್ಚಿಕೊಳ್ಳುತ್ತಾರೆ. ಯಾಕೆಂದು ಅವರು ಹೇಳಿರಲಿಲ್ಲ, ಮೊನ್ನೆ ಬಾಯಿತಪ್ಪಿ ಬಂತು. ಬಸ್ ಸ್ಟಾಪಿನಲ್ಲಿ ಯಾರೋ ಒಬ್ಬ ಇವರ ಕಾಲರ್ ಹಿಡಿದು, ‘ನಗು. ಫೋಟೊದಲ್ಲಿ ನಗ್ತೀಯಲ್ಲ, ನಮ್ಮ ಮುಂದೆ ನಗು ನೋಡೋಣ’ ಎಂದನಂತೆ. ಸುತ್ತ ನಾಲ್ಕಾರು ಜನ. ಇವರು ನಕ್ಕರಂತೆ. ‘ಸರಿಯಾಗಿ ನಗು, ಹಲ್ಲು ಬಿಟ್ಟು’ ಎಂದನಂತೆ. ಹಾಗೂ ನಕ್ಕರಂತೆ. ಅದನ್ನೂ ತೆಗೆದಿರುತ್ತಾರೆ, ಎಲ್ಲಿ ತಿರುಗುತ್ತಿದೆಯೋ. ಕಾಲರಿನ ಗುಂಡಿ ಕಿತ್ತುಹೋಗಿತ್ತು. ಟೈಲರನ ಅಂಗಡಿಗೆ ಗುಂಡಿ ಹಾಕಿಕೊಡುವ ಕೆಲಸ ನನ್ನದು, ದಿನಕ್ಕೆ ಎಷ್ಟೋ ಗುಂಡಿ ಹಾಕುತ್ತೇನೆ, ಆ ಒಂದು ಗುಂಡಿ ಹಾಕಲು ನನಗೆ ಸೂಜಿಯಲ್ಲಿ ದಾರ ಹೋಗಲಿಲ್ಲ. ಟೈಲರನೂ ಈಗ ಬಟ್ಟೆಗಳನ್ನು ಹಿಂದಿನ ಬಾಗಿಲಿನಿಂದ ಕೊಟ್ಟು ಹೋಗುತ್ತಾನೆ. ‘ನಾನು ನಂಬಲ್ಲ ಅಕ್ಕ. ಗಿರಾಕಿಗಳು ನೋಡ್ತಾರೆ, ಅದಕ್ಕೆ’ ಎನ್ನುತ್ತಾನೆ. ಅವನನ್ನು ಏನೆಂದು ಬೈಯಲಿ. ಹಿಂದಿನ ಬಾಗಿಲಿಗಾದರೂ ಬರುತ್ತಾನಲ್ಲ.

ಕೊನೆಯ ಸಲ ಫೋನ್ ಮಾಡಿದಾಗ ನೀನು ಅತ್ತುಬಿಟ್ಟೆ. ‘ನಮ್ಮ ಕಡೆಯದು ತೆಗೆದೆ ಚಿಕ್ಕಮ್ಮ. ಬೇರೆಯವರ ಹತ್ರ ಇರೋದನ್ನ ನಾನೇನು ಮಾಡ್ಲಿ? ಅದು ಈಗ ನನ್ನ ಕೈಲಿಲ್ಲ’ ಎಂದೆ. ನಾನು ಅದನ್ನು ಇವರಿಗೆ ಹೇಳಿದೆ. ಇವರು, ‘ಎಲ್ಲಾದ್ರೂ ಒಂದು ಮೇನ್ ವಾಲ್ ಇರ್ಲೇಬೇಕಲ್ಲೇ. ಇಲ್ಲದೆ ಅಷ್ಟು ದೂರ ಹೇಗೆ ಹರಿಯುತ್ತೆ? ಅವಳಿಗೆ ಹೊಸ ಕೆಲಸ, ಇನ್ನೂ ತೋರ್ಸಿಲ್ಲ ಅಷ್ಟೇ’ ಎಂದರು. ನಿಜವಾಗಿ ಹಾಗೆಂದು ನಂಬಿದ್ದಾರೆ. ಇದೆಯಾ ಗಿಣಿ ಅಂಥದ್ದು? ಇದ್ದರೆ ಯಾರನ್ನು ಕೇಳಬೇಕು? ಬೆಳಿಗ್ಗೆ ಬಂದು ಇವತ್ತು ಯಾರ ಮೇಲೆ ಎಂದು ಹೇಳುತ್ತಾರಲ್ಲ, ಅವರನ್ನು ಕೇಳಿದರೆ ಆಗುವುದಿಲ್ಲವೇ? ಅವರಿಗೂ ಒಬ್ಬ ಚಿಕ್ಕಪ್ಪ ಇರಬಹುದು. ಯಾರೂ ಕೇಳದ ಮುಖ ಎಂದಿದ್ದೆ ನೀನು. ನಾನು ಕೇಳುತ್ತಿದ್ದೇನಲ್ಲ ಮಗಳೇ.

ಬೈಯಬೇಕೆಂದು ಬರೆಯಲು ಕೂತವಳಲ್ಲ. ನಿನ್ನ ಮೇಲೆ ಸಿಟ್ಟು ಬಂದಿತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ನಿನ್ನನ್ನು ನಗಿಸಿದವರು, ನಗಿಸಲು ಕಲಿಸಿದವರು ನಾವೇ. ನಿನ್ನ ಮೇಲೆ ಸಿಟ್ಟು ಮಾಡಿಕೊಂಡರೆ ಆ ಸಿಟ್ಟನ್ನು ಎಲ್ಲಿಡಲಿ, ಈ ಎರಡು ಕೋಣೆಯ ಮನೆಯಲ್ಲಿ ಜಾಗವಿಲ್ಲ. ಬಂದುಬಿಡು ಎಂದು ಎರಡು ಸಲ ಬರೆಯಲು ಹೋದೆ. ಬಂದರೆ ಯಾರಾದರೂ ನಿನ್ನನ್ನು ಗುರುತು ಹಿಡಿದರೆ? ಬರದಿದ್ದರೆ ಇವರ ಮುಖ ಯಾರು ನೋಡುತ್ತಾರೆ? ಸೋಮವಾರದ ವಿಚಾರಣೆಯಲ್ಲಿ ಒಂದೇ ಪ್ರಶ್ನೆಯಂತೆ: ಫೋಟೊ ತೆಗೆದದ್ದು ಯಾರು, ಅಕ್ಷರ ಹಾಕಿದ್ದು ಯಾರು. ಹೆಸರು ಹೇಳಿದರೆ ಕೀಲಿ ವಾಪಸು ಕೊಡಿಸುತ್ತೇನೆ ಎಂದು ಸೂಪರ್‌ವೈಸರ್ ಹೇಳಿದ್ದಾರೆ. ಆ ಹೆಸರು ಅವರಿಗೆ ಬೇಕಿರುವುದು ಇವರನ್ನು ಉಳಿಸಲಿಕ್ಕಲ್ಲ, ಅದನ್ನು ಹಿಡಿದುಕೊಂಡು ಆ ಕಡೆಯವರು ಇನ್ನೊಂದು ಸುತ್ತು ಶುರುಮಾಡುತ್ತಾರೆ ಎಂದು ಟೈಲರ್ ಹೇಳುತ್ತಾನೆ. ಆ ಸಲ ಕೆಂಪು ಸುತ್ತು ಬೀಳುವುದು ನಿನ್ನ ಮುಖಕ್ಕೆ.

ಚಿಕ್ಕಪ್ಪ ಹೊರಗೆ ಕೂತು ಹಳೆಯ ವಾಲಿನ ತುಕ್ಕು ಉಜ್ಜುತ್ತಿದ್ದಾರೆ, ಯಾರೂ ಹೇಳಿಲ್ಲ, ಸುಮ್ಮನೆ. ಗಿಣಿಗೆ ಏನು ಬರೆಯಲಿ ಎಂದು ಕೇಳಿದೆ. ‘ನಾವೆಲ್ಲ ಚೆನ್ನಾಗಿದೀವಿ ಅಂತ ಬರಿ. ಕೆಲಸ ಬಿಡಬೇಡ ಅಂತ ಬರಿ. ನಗ್ಸೋದನ್ನ ಬಿಡಬೇಡ ಅಂತ ಬರಿ’ ಎಂದರು. ಬರೆದಿದ್ದೇನೆ.

ಕತ್ತಿಗೆ ಬಟ್ಟೆ ಸುತ್ತಿಕೊ. ನಿನ್ನ ಒಂದು ಕೂದಲೂ ಕೊಂಕದಿರಲಿ. ಎಲ್ಲಿದ್ದರೂ ಬಾಗಿಲು ಭದ್ರವಾಗಿರಲಿ, ಊಟ ಬಿಸಿಯಾಗಿರಲಿ, ಪಕ್ಕದಲ್ಲಿ ಕೂರುವವರು ಒಳ್ಳೆಯವರಾಗಿರಲಿ.

ನಿನ್ನ ಬಗ್ಗೆಯೇ ಯೋಚಿಸುತ್ತಿರುವ,
ಚಿಕ್ಕಮ್ಮ

ತಾ.ಕ. ಬಸ್ಸು ಬಂದು ನಿಂತಿದೆ, ಡ್ರೈವರ್ ಹಾರನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಚಿಕ್ಕಪ್ಪ ನಿನಗೆ ಹೇಳಬೇಡ ಎಂದಿದ್ದಾರೆ, ಆದರೆ ಹೇಳದೆ ಆಗುವುದಿಲ್ಲ. ನಿನ್ನೆ ನೀರಿನ ಆಫೀಸಿನವರು ಕರೆಸಿದ್ದಾಗ ಇವರು, ‘ಫೋಟೊ ತೆಗೆಸಿಕೊಂಡಿದ್ದೂ ನಾನೇ, ಅಕ್ಷರ ಹಾಕಿದ್ದೂ ನಾನೇ, ತಮಾಷೆಗೆ’ ಎಂದು ಒಪ್ಪಿಕೊಂಡು ಬಂದಿದ್ದಾರೆ. ಇನ್ನು ಕೀಲಿ ಸಿಗುವುದಿಲ್ಲ. ಆಫೀಸಿನವರಿಗೆ ನಂಬಿಕೆ ಬಂದಿಲ್ಲ, ಹೇಗೆ ಮಾಡಿದೆ ತೋರಿಸು ಎಂದರಂತೆ. ಕನ್ನಡಕ ತಂದಿಲ್ಲ, ಸೋಮವಾರ ತೋರಿಸ್ತೀನಿ ಎಂದು ಹೇಳಿ ಬಂದಿದ್ದಾರೆ. ಇವರಿಗೆ ಫೋನಿನಲ್ಲಿ ಹಸಿರು ಗುಂಡಿ, ಕೆಂಪು ಗುಂಡಿ ಬಿಟ್ಟರೆ ಬೇರೆ ಗೊತ್ತಿಲ್ಲ. ಟೈಲರನಿಗೆ ಫೋಟೊ ಕಳಿಸಲು ಗೊತ್ತು, ಮಾಡುವುದು ಗೊತ್ತಿಲ್ಲ. ನೀನು ಬರಬೇಡ. ಯಾವುದನ್ನು ಮೊದಲು ಒತ್ತಬೇಕು, ಫೋಟೊ ಎಲ್ಲಿಂದ ಬರುತ್ತದೆ, ಅಕ್ಷರ ಎಲ್ಲಿಂದ ಬರುತ್ತದೆ, ಒಂದೊಂದಾಗಿ ದೊಡ್ಡ ಅಕ್ಷರದಲ್ಲಿ ಬರೆದು ಇದೇ ಡ್ರೈವರ್ ಕೈಯಲ್ಲಿ ಶನಿವಾರ ಕೊಟ್ಟು ಕಳಿಸು. ಬಾಯಿಪಾಠ ಮಾಡಿಸುತ್ತೇನೆ. ಯಾಕೆ ಹಾಗೆ ಮಾಡಿದೆ ಎಂದು ಕೇಳಿದರೆ ಏನು ಹೇಳಬೇಕು ಎನ್ನುವುದನ್ನೂ ಬರಿ. ಅದು ಇವರಿಗೂ ಹೊಳೆಯುತ್ತಿಲ್ಲ, ನನಗೂ ಹೊಳೆಯುತ್ತಿಲ್ಲ.